ನಾಮಪದದ ಮುಂದೆ ಯಾವ ಪ್ರಿಪೊಸಿಷನ್? ರೀಸನ್ ಆಫ್ ಅಲ್ವಂತೆ, ರೀಸನ್ ಫಾರ್ ಅಂತೆ

ವಿಸಿ ನಾಲೆ ಏರಿ
ಸ್ಪರ್ಧಾತ್ಮಕ ಪರೀಕ್ಷೆಗೆ ಓದೋರಿಗೆ ಅಂತ ಇಂಗ್ಲಿಷ್ ಅಭ್ಯಾಸದ ಹಾಳೆ ಮಾಡ್ತಾ ಇದೀನಿ. ಕ್ರಿಯಾಪದದ ಮುಂದೆ ಬರೋ ಪ್ರಿಪೊಸಿಷನ್‌ಗೆ ಪಟ್ಟಿ ಬೇಕಾದಷ್ಟು ಸಿಗತ್ತೆ. ನಾಮಪದದ ಮುಂದಿನದನ್ನ ಕೇಳಿದ್ರೆ ಮಾತ್ರ ಎಲ್ಲರೂ 'ಓದ್ತಾ ಓದ್ತಾ ಬರತ್ತೆ' ಅಂತ ಜಾರ್ಕೊಳ್ತಾರೆ. ಈ ಆರು ನೋಡಿ:

ರೀಸನ್ __ ದ ಡಿಲೇ
ಇನ್‌ಕ್ರೀಸ್ __ ಮಿಲ್ಕ್ ಪ್ರೈಸಸ್
ಡ್ಯಾಮೇಜ್ __ ದ ಕ್ರಾಪ್
ಬ್ಯಾನ್ __ ಪ್ಲಾಸ್ಟಿಕ್
ರಿಕ್ವೆಸ್ಟ್ __ ಲೀವ್
ರೆಸ್ಪೆಕ್ಟ್ __ ಎಲ್ಡರ್ಸ್

ಹತ್ತು ಜನಕ್ಕೆ ಕೊಟ್ರೆ ಎಂಟು ಜನ ಎಲ್ಲಾದಕ್ಕೂ 'ಆಫ್' ಹಾಕ್ತಾರೆ. ತಪ್ಪು ಅಂತ ಹೇಳೋದು ಸುಲಭ. ಯಾಕೆ ತಪ್ಪು ಅಂತ ಹೇಳೋಕೆ ಏನಾದ್ರೂ ದಾರಿ ಇದೆಯಾ, ಇಲ್ಲ ಬರೀ ಬಾಯಿಪಾಠವೇನಾ?

ಬೆಲ್ಲದಚ್ಚು
ಆರಕ್ಕೂ ಆಫ್ ಹಾಕ್ಬುಟ್ಟು ಮನೀಕೊಳ್ಳಿ ಸಾ. ಮಂಡ್ಯದಲ್ಲಿ ಎಲ್ರಿಗೂ ಅರ್ಥ ಆಯ್ತದೆ.

ಕೆಂಪು ಶಾಯಿ
ಅರ್ಥ ಆಗತ್ತೆ, ಅಂಕ ಬರಲ್ಲ. ಕ್ರಮವಾಗಿ: ಫಾರ್, ಇನ್, ಟು, ಆನ್, ಫಾರ್, ಫಾರ್. ಆರರಲ್ಲಿ ಒಂದಕ್ಕೂ ಆಫ್ ಇಲ್ಲ.

ನಿರ್ವಾಹಕ
ಇಲ್ಲಿ ಕನ್ನಡ ಲಿಪಿ ಮಾತ್ರ, ಗೊತ್ತಲ್ಲ. ಹಾಗಾಗಿ 'ಆಫ್' ಅಂದ್ರೆ ಈ ಚರ್ಚೆಯಲ್ಲಿ ಒಂದು ಎಫ್ ಇರೋದು. ಸ್ವಿಚ್‌ನ ಆಫ್ ಅಲ್ಲ.

ಸರಸ್ವತಿಪುರಂ ಸಂಜೆ
ಬಾಯಿಪಾಠಕ್ಕೆ ಮುಂಚೆ ತಪ್ಪು ಎಲ್ಲಿಂದ ಬರತ್ತೆ ನೋಡೋಣ. ಆ ಆರನ್ನೂ ಕನ್ನಡದಲ್ಲಿ ಹೇಳಿ. ತಡಕ್ಕೆ ಕಾರಣ, ಬೆಳೆಗೆ ಹಾನಿ, ಪ್ಲಾಸ್ಟಿಕ್‌ಗೆ ನಿಷೇಧ, ರಜೆಗೆ ಮನವಿ. ನಾಲ್ಕು ಕಡೆ ಒಂದೇ ಚತುರ್ಥಿ. ನಮ್ಮ ಗೆ, ಕ್ಕೆ ಮಾಡೋ ಕೆಲಸವನ್ನ ಇಂಗ್ಲಿಷ್ ಫಾರ್, ಟು, ಆನ್ ಅಂತ ಮೂರು ಜನಕ್ಕೆ ಹಂಚಿದೆ. ನಮ್ಮ ತಲೇಲಿ ಆ ವ್ಯತ್ಯಾಸಕ್ಕೆ ಮನೇನೇ ಇಲ್ಲ, ಅದಕ್ಕೆ ಕೈಗೆ ಸಿಕ್ಕಿದ ಆಫ್ ಹಾಕ್ತೀವಿ.

ಗೆ ಬಂದ ಕಡೆ ಕಡೇಪಕ್ಷ ಅನುಮಾನ ಬರತ್ತೆ. ಹೆಚ್ಚು ಮೋಸ ಮಾಡೋದು 'ಬಗ್ಗೆ' ಮತ್ತೆ 'ಮೇಲೆ', ಯಾಕಂದ್ರೆ ಅವುಕ್ಕೆ ಅಬೌಟ್, ಆನ್ ಅಂತ ನೇರ ಜೋಡಿ ಇದೆ ಅನ್ಕೊಂಡಿರ್ತೀವಿ. ಹಿರಿಯರ ಬಗ್ಗೆ ಗೌರವ ಅಂತ 'ರೆಸ್ಪೆಕ್ಟ್ ಅಬೌಟ್' ಬರೀತಾರೆ, ಬೇಕಾದ್ದು ಫಾರ್. ಕಾಯಿಲೆ ಬಗ್ಗೆ ಅರಿವು ಅಂತ 'ಅವೇರ್‌ನೆಸ್ ಅಬೌಟ್, ಅವೇರ್‌ನೆಸ್ ಆನ್' ಅಂತ ಬ್ಯಾನರ್ ಹಾಕ್ತಾರೆ, ನಿಘಂಟು ಮೊದಲು ಕೊಡೋದು 'ಅವೇರ್‌ನೆಸ್ ಆಫ್'. ದೇವರ ಮೇಲೆ ನಂಬಿಕೆ: 'ಬಿಲೀಫ್ ಇನ್'. ಆಸ್ತಿ ಮೇಲೆ ಹಕ್ಕು: 'ರೈಟ್ ಟು'. ಮಗನ ಮೇಲೆ ಪ್ರೀತಿ: 'ಲವ್ ಫಾರ್'. ಅವನ ಮೇಲೆ ಕೋಪ: 'ಆಂಗರ್ ಆಟ್'. ನಾಲ್ಕಕ್ಕೂ ಆನ್ ಇಲ್ಲ. ಆದ್ರೆ ಆರೋಗ್ಯದ ಮೇಲೆ ಪರಿಣಾಮ 'ಎಫೆಕ್ಟ್ ಆನ್', ಸಕ್ಕರೆ ಮೇಲೆ ತೆರಿಗೆ 'ಟ್ಯಾಕ್ಸ್ ಆನ್'. ಅಲ್ಲಿ ಮೇಲೆ ಸರಿಯಾಗೇ ಕೂರತ್ತೆ. ಅದೇ ಫಜೀತಿ, ಅರ್ಧ ಸರಿ ಇರೋದ್ರಿಂದ ಇನ್ನರ್ಧ ನಂಬಿ ಕೆಡ್ತೀವಿ.

'ಜೊತೆ' ಒಂದು ಕಡೆ ಕೈ ಕೊಡತ್ತೆ. ಮದುವೆ. 'ಹರ್ ಮ್ಯಾರೇಜ್ ಟು', ವಿತ್ ಅಲ್ಲ. 'ಇಂದ' ಪಾಪ, ಒಳ್ಳೇದು. ರಿಲೀಫ್ ಫ್ರಮ್, ಫ್ರೀಡಂ ಫ್ರಮ್, ಆಬ್ಸೆನ್ಸ್ ಫ್ರಮ್, ಎಲ್ಲ ಹಾಗೇ ಹೊಂದತ್ತೆ.

ದೇವರಾಜ ಮಾರ್ಕೆಟ್ ಗಡಿಯಾರ
ಕನ್ನಡದಲ್ಲಿ ಎಲ್ಲ ಬಾಲಕ್ಕೆ ಅಂಟ್ಕೊಳ್ಳತ್ತೆ, ಅವರದ್ದು ತಲೆಗೆ. ಅಷ್ಟೇ.

ಸಾವಿರ ಮೆಟ್ಟಿಲು
ತರ್ಕ ಇದೆ, ನಾನು ಹೇಳ್ತೀನಿ. ಫಾರ್ ಅನ್ನೋದು ಕೈ ಚಾಚೋ ನಾಮಪದಗಳಿಗೆ: ಡಿಮಾಂಡ್, ನೀಡ್, ರಿಕ್ವೆಸ್ಟ್, ಡಿಸೈರ್, ಸರ್ಚ್, ಅಪ್ಲಿಕೇಶನ್. ಟು ಅನ್ನೋದು ಎದುರಿಗೆ ಹೋಗಿ ತಗಲೋದಕ್ಕೆ: ಡ್ಯಾಮೇಜ್, ಥ್ರೆಟ್, ಆನ್ಸರ್, ರಿಯಾಕ್ಷನ್, ಸೊಲ್ಯೂಷನ್, ಅಬ್ಜೆಕ್ಷನ್, ಕೀ. ಆನ್ ಮೇಲಿಂದ ಒತ್ತೋದಕ್ಕೆ: ಟ್ಯಾಕ್ಸ್, ಬ್ಯಾನ್, ಅಟ್ಯಾಕ್, ಪ್ರೆಶರ್, ರಿಸ್ಟ್ರಿಕ್ಷನ್. ಇನ್ ಯಾವುದರ ಒಳಗೆ ಬದಲಾವಣೆ ಆಯ್ತೋ ಅದಕ್ಕೆ: ಇನ್‌ಕ್ರೀಸ್, ಫಾಲ್, ಚೇಂಜ್, ಡಿಲೇ. ಮಿಕ್ಕಿದ್ದೆಲ್ಲ ಆಫ್.

ಕೆಂಪು ಶಾಯಿ
@ಸಾವಿರ ಮೆಟ್ಟಿಲು ಚೆಂದ ಇದೆ, ಆದ್ರೆ ಹತ್ತನೇ ಮೆಟ್ಟಿಲಿಗೇ ಏದುಸಿರು. ರೆಸ್ಪೆಕ್ಟ್ ಫಾರ್‌ನಲ್ಲಿ ಯಾವ ಕೈ ಚಾಚಿದೆ? ಥ್ರೆಟ್‌ಗೆ ಟು, ಅಟ್ಯಾಕ್‌ಗೆ ಆನ್, ಎರಡೂ ಕೆಡುಕೇ ತಾನೆ? ಬಯಕೆಗೆ 'ಡಿಸೈರ್ ಫಾರ್', ಭಯಕ್ಕೆ 'ಫಿಯರ್ ಆಫ್', ಯಾಕೆ? ನಿಮ್ಮ ತರ್ಕ ನೆನಪಿಟ್ಕೊಳ್ಳೋಕೆ ಗೂಟ, ತೀರ್ಪು ಕೊಡೋಕೆ ಅಲ್ಲ.

ಸಾವಿರ ಮೆಟ್ಟಿಲು
ಗೂಟ ಇಲ್ದೆ ಹಸು ಎಲ್ಲಿ ಕಟ್ತೀರಿ?

ಕೆಂಪು ಶಾಯಿ
ಇದಕ್ಕಿಂತ ಗಟ್ಟಿ ಗೂಟ ಇದೆ. ನಾಮಪದಕ್ಕೆ ಜೋಡಿಯಾದ ಕ್ರಿಯಾಪದ ನೋಡಿ.

ಆ ಕ್ರಿಯಾಪದಕ್ಕೆ ಆಗಲೇ ಒಂದು ಪ್ರಿಪೊಸಿಷನ್ ಇದ್ರೆ ನಾಮಪದಕ್ಕೂ ಅದೇ ಬರತ್ತೆ. ಡಿಪೆಂಡ್ ಆನ್, ಡಿಪೆಂಡೆನ್ಸ್ ಆನ್. ಅಬ್ಜೆಕ್ಟ್ ಟು, ಅಬ್ಜೆಕ್ಷನ್ ಟು. ಅಪ್ಲೈ ಫಾರ್, ಅಪ್ಲಿಕೇಶನ್ ಫಾರ್. ಬಿಲೀವ್ ಇನ್, ಬಿಲೀಫ್ ಇನ್. ಇಲ್ಲಿ ತಪ್ಪೋದು ಅಪರೂಪ.

ಕ್ರಿಯಾಪದ ನೇರವಾಗಿ ಕರ್ಮ ತಗೊಳ್ಳೋದಾದ್ರೆ ನಾಮಪದಕ್ಕೆ ಸಾಮಾನ್ಯವಾಗಿ ಆಫ್. ಯೂಸ್ ವಾಟರ್, ದ ಯೂಸ್ ಆಫ್ ವಾಟರ್. ಡಿಸ್ಕ್ರೈಬ್ ದ ಪ್ಲೇಸ್, ಎ ಡಿಸ್ಕ್ರಿಪ್ಷನ್ ಆಫ್ ದ ಪ್ಲೇಸ್. ಡಿಸ್ಟ್ರಕ್ಷನ್ ಆಫ್, ಕನ್‌ಸ್ಟ್ರಕ್ಷನ್ ಆಫ್, ಲಾಸ್ ಆಫ್, ಅರೆಸ್ಟ್ ಆಫ್. ನಿಮ್ಮ ಎಂಟು ಜನ ಆಫ್ ಹಾಕಿದ್ದು ಮೂರ್ಖತನದಿಂದ ಅಲ್ಲ, ನಿಯಮ ಅವರಿಗೆ ಗೊತ್ತಿಲ್ದೇನೇ ಕೈಗೆ ಬಂದಿದೆ.

ಆಮೇಲೆ ಹಠಮಾರಿಗಳ ಗುಂಪು. ಕ್ರಿಯಾಪದ ನೇರ ಕರ್ಮ ತಗೊಳ್ಳತ್ತೆ, ನಾಮಪದ ಮಾತ್ರ ಆಫ್ ಒಪ್ಪಲ್ಲ. ಡಿಮಾಂಡ್, ರಿಕ್ವೆಸ್ಟ್, ಆರ್ಡರ್, ಡಿಸೈರ್, ರೆಸ್ಪೆಕ್ಟ್ ಇವುಕ್ಕೆ ಫಾರ್. ಡ್ಯಾಮೇಜ್, ಆನ್ಸರ್, ವಿಸಿಟ್, ರೆಸೆಂಬ್ಲೆನ್ಸ್, ಮ್ಯಾರೇಜ್ ಇವುಕ್ಕೆ ಟು. ಅಟ್ಯಾಕ್, ಬ್ಯಾನ್, ಇನ್‌ಫ್ಲುಯೆನ್ಸ್, ಎಂಫಸಿಸ್ ಇವುಕ್ಕೆ ಆನ್. ಕಾಂಟ್ಯಾಕ್ಟ್‌ಗೆ ವಿತ್. ಮುಖ್ಯವಾಗಿ ಬಳಕೇಲಿರೋದು ಇಪ್ಪತ್ತರ ಸುಮಾರು. ಬಾಯಿಪಾಠ ಮಾಡ್ಬೇಕಾದ್ದು ಇಷ್ಟೇ. ನಿಮ್ಮ ಹಾಳೇಲಿ ಡ್ಯಾಮೇಜ್, ಬ್ಯಾನ್, ರಿಕ್ವೆಸ್ಟ್, ರೆಸ್ಪೆಕ್ಟ್ ನಾಲ್ಕೂ ಇದೇ ಗುಂಪಿನವು. ಗೊತ್ತಿದ್ದೋ ಗೊತ್ತಿಲ್ದೆಯೋ ಬರೀ ಹಳ್ಳಗಳನ್ನೇ ಆರಿಸಿ ರಸ್ತೆ ಮಾಡಿದೀರ.

ವಿಸಿ ನಾಲೆ ಏರಿ
ಇದು ಬೇಕಿತ್ತು! ಹಾಳೇನ ಮೂರು ಭಾಗ ಮಾಡ್ತೀನಿ ಹಾಗಾದ್ರೆ.

ನಂಜನಗೂಡು ರಸಬಾಳೆ
ಹಠಮಾರಿಗಳಿಗೆ ಇನ್ನೊಂದು ಮುಖ ಇದೆ, ಅದನ್ನೂ ಸೇರಿಸಿ. ನಾಮಪದದ ಪ್ರಿಪೊಸಿಷನ್ ಕಲಿತ ಮೇಲೆ ಅದನ್ನ ಕ್ರಿಯಾಪದಕ್ಕೂ ಅಂಟಿಸಿಬಿಡ್ತಾರೆ. 'ರಿಕ್ವೆಸ್ಟ್ ಫಾರ್ ಲೀವ್' ನಾಮಪದವಾಗಿ ಸರಿ. 'ಐ ರಿಕ್ವೆಸ್ಟೆಡ್ ಫಾರ್ ಲೀವ್' ತಪ್ಪು, 'ಐ ರಿಕ್ವೆಸ್ಟೆಡ್ ಲೀವ್'. ಎರಡು ಪ್ಲೇಟ್ ಮದ್ದೂರು ವಡೆಗೆ 'ಆನ್ ಆರ್ಡರ್ ಫಾರ್', ಆದ್ರೆ 'ವಿ ಆರ್ಡರ್ಡ್ ಟೂ ಪ್ಲೇಟ್ಸ್'. 'ಎ ವಿಸಿಟ್ ಟು ದ ಪ್ಯಾಲೆಸ್', ಆದ್ರೆ 'ವಿ ವಿಸಿಟೆಡ್ ದ ಪ್ಯಾಲೆಸ್'. 'ಎಂಫಸಿಸ್ ಆನ್', ಆದ್ರೆ 'ಎಂಫಸೈಜ್' ಮುಂದೆ ಆನ್ ಬೇಡ. ಕುಖ್ಯಾತ 'ಡಿಸ್ಕಸ್ ಅಬೌಟ್' ಹುಟ್ಟಿದ್ದೂ 'ಡಿಸ್ಕಷನ್ ಅಬೌಟ್' ಹೊಟ್ಟೇಲೇ. 'ಲ್ಯಾಕ್ ಆಫ್ ರೇನ್' ಸರಿ, 'ವಿ ಲ್ಯಾಕ್ ಆಫ್ ವಾಟರ್' ತಪ್ಪು.

ಗುಣವಾಚಕ ಇನ್ನೊಂದು ದಾರಿ ಹಿಡಿಯತ್ತೆ. ಪ್ರೈಡ್ ಇನ್, ಪ್ರೌಡ್ ಆಫ್, ಕ್ರಿಯಾಪದ ಆದಾಗ ಪ್ರೈಡ್ ಒನ್‌ಸೆಲ್ಫ್ ಆನ್. ಒಂದೇ ಮನೆ, ಮೂರು ಒಲೆ. ಫಾಂಡ್ ಆಫ್, ಆದ್ರೆ ಫಾಂಡ್‌ನೆಸ್ ಫಾರ್. ಪ್ರಿಫರ್ ಕಾಫಿ ಟು ಟೀ, ಆದ್ರೆ ಎ ಪ್ರಿಫರೆನ್ಸ್ ಫಾರ್ ಕಾಫಿ.

ಬೆಲ್ಲದಚ್ಚು
ವಡೆ ಎರಡು ಪ್ಲೇಟ್ ಅಂದ್ರಲ್ಲ, ರೈಲು ಮದ್ದೂರು ದಾಟೋದ್ರೊಳಗೆ ಬತ್ತದಾ?

ದೇವರಾಜ ಮಾರ್ಕೆಟ್ ಗಡಿಯಾರ
'ಎ ಡಿಲೇ ಇನ್ ದ ಡೆಲಿವರಿ ಆಫ್ ವಡೆ.' ಇನ್, ಆಮೇಲೆ ಆಫ್. ಬರ್ಕೊಳ್ಳಪ್ಪಾ.

ಕುಕ್ಕರಹಳ್ಳಿ ಕೆರೆ ಏರಿ
ಮೊದಲನೇ ಪ್ರಶ್ನೆಗೆ ವಾಪಸ್ ಬನ್ನಿ. ರೀಸನ್ ಫಾರ್, ಕಾಸ್ ಆಫ್. ಕನ್ನಡದಲ್ಲಿ ಎರಡೂ 'ಕಾರಣ' ಆಗಿ ಕೂತಿರೋದ್ರಿಂದಲೇ ಈ ಕಷ್ಟ. ಕಾಸ್ ಅಂದ್ರೆ ಉಂಟುಮಾಡಿದ್ದು: ದ ಕಾಸ್ ಆಫ್ ದ ಫೈರ್ ಒಂದು ಶಾರ್ಟ್ ಸರ್ಕ್ಯೂಟ್. ರೀಸನ್ ಅಂದ್ರೆ ಕೊಡೋ ವಿವರಣೆ, ಸಮಜಾಯಿಷಿ: ದ ರೀಸನ್ ಫಾರ್ ಹಿಸ್ ಆಬ್ಸೆನ್ಸ್ ಜ್ವರ. ಬೆಂಕಿಗೆ ಕಾಸ್, ಬೆಂಕಿ ಇಟ್ಟವನಿಗೆ ರೀಸನ್.

ಇದಾದ್ಮೇಲೆ ಒಂದು ತಿರುವು. 'ಕಾಸ್ ಫಾರ್' ಕೂಡ ಇದೆ, ಅರ್ಥ ಬೇರೆ. 'ಕಾಸ್ ಫಾರ್ ಕನ್ಸರ್ನ್', 'ಕಾಸ್ ಫಾರ್ ಕಂಪ್ಲೇಂಟ್', ಅಂದ್ರೆ ಚಿಂತೆ ಪಡೋಕೆ, ದೂರೋಕೆ ಆಸ್ಪದ.

ಸಾವಿರ ಮೆಟ್ಟಿಲು
'ರೀಸನ್ ಆಫ್' ಅಂತೂ ಎಂದೂ ಬರಲ್ಲ ಅಂತ ಹಾಳೇಲಿ ದಪ್ಪಕ್ಷರದಲ್ಲಿ ಹಾಕಿ.

ಕೆಂಪು ಶಾಯಿ
ಹಾಕ್ಬೇಡಿ. 'ಫಾರ್ ರೀಸನ್ಸ್ ಆಫ್ ಸೆಕ್ಯುರಿಟಿ' ದಿನಾ ಪತ್ರಿಕೇಲಿ ಬರತ್ತೆ. ಅಲ್ಲಿ ಆಫ್ ಹೇಳೋದು ಯಾವ ಥರದ ಕಾರಣ ಅಂತ, ಯಾತಕ್ಕೆ ಕಾರಣ ಅಂತ ಅಲ್ಲ. ಕೋರ್ಟ್ ಕಾಗದದಲ್ಲಿ 'ಬೈ ರೀಸನ್ ಆಫ್' ಇದೆ. 'ಎಂದೂ' ಅನ್ನೋ ಮಾತನ್ನ ಇಂಗ್ಲಿಷ್ ವ್ಯಾಕರಣದಲ್ಲಿ ಬಳಸಬಾರದು.

ಸಾವಿರ ಮೆಟ್ಟಿಲು
'ಎಂದೂ ಬಳಸಬಾರದು' ಅಂತೀರಾ?

ಕೆಂಪು ಶಾಯಿ
ಸೋತೆ. ಮುಂದಕ್ಕೆ ಹೋಗಿ.

ಕನ್ನಂಬಾಡಿ ಗೇಟು
ಇನ್‌ಕ್ರೀಸ್ ಬಗ್ಗೆ ಯಾರೂ ಪೂರ್ತಿ ಹೇಳಿಲ್ಲ. ಅದಕ್ಕೆ ಒಂದಲ್ಲ, ಕೆಲಸಕ್ಕೆ ತಕ್ಕಂತೆ ಮೂರು ನಾಲ್ಕು ಪ್ರಿಪೊಸಿಷನ್. ಕೆಆರ್‌ಎಸ್ ಮಟ್ಟ 110 ಅಡಿಯಿಂದ 118 ಅಡಿಗೆ ಬಂತು ಅಂತ ಇಟ್ಕೊಳ್ಳಿ.

ಏನು ಏರಿತು ಅನ್ನೋದಕ್ಕೆ ಇನ್: ಎ ರೈಸ್ ಇನ್ ದ ವಾಟರ್ ಲೆವೆಲ್.
ಎಷ್ಟು ಏರಿತು ಅನ್ನೋದಕ್ಕೆ ಆಫ್: ಎ ರೈಸ್ ಆಫ್ 8 ಫೀಟ್.
ಎಲ್ಲಿಂದ ಎಲ್ಲಿಗೆ ಅನ್ನೋದಕ್ಕೆ ಫ್ರಮ್, ಟು: ಎ ರೈಸ್ ಫ್ರಮ್ 110 ಟು 118 ಫೀಟ್.
ಸೇರಿಸಿದ್ರೆ: ಎ ರೈಸ್ ಆಫ್ 8 ಫೀಟ್ ಇನ್ ದ ವಾಟರ್ ಲೆವೆಲ್.

ಕ್ರಿಯಾಪದ ಆದ ಕೂಡ್ಲೆ ಆಫ್ ಹೋಗಿ ಬೈ ಬರತ್ತೆ: ದ ಲೆವೆಲ್ ರೋಸ್ ಬೈ 8 ಫೀಟ್. ಟು ಮತ್ತೆ ಆಫ್ ಅದಲು ಬದಲಾದ್ರೆ ಬರೀ ವ್ಯಾಕರಣ ಕೆಡಲ್ಲ, ಲೆಕ್ಕವೇ ಕೆಡತ್ತೆ. 'ಎ ರೈಸ್ ಟು 8 ಫೀಟ್' ಅಂದ್ರೆ ಅಣೆಕಟ್ಟಲ್ಲಿ ಇರೋದೇ 8 ಅಡಿ ಅಂತ ಆಯ್ತು. ಹಾಲಿನ ದರಕ್ಕೂ ಹೀಗೇ: ಆನ್ ಇನ್‌ಕ್ರೀಸ್ ಆಫ್ 2 ರುಪೀಸ್ ಇನ್ ದ ಪ್ರೈಸ್ ಆಫ್ ಮಿಲ್ಕ್. ಫಾಲ್, ಡ್ರಾಪ್, ಕಟ್, ರಿಡಕ್ಷನ್ ಎಲ್ಲ ಇದೇ ಸಾಲಿನವು.

ಬೆಲ್ಲದಚ್ಚು
110 ಯಾಕ್ ಸಾ, 124.80 ಅಂತ ಬರೀರಿ. ತುಂಬ್ಲಿ ಅತ್ಲಾಗೆ.

ದೇವರಾಜ ಮಾರ್ಕೆಟ್ ಗಡಿಯಾರ
ಬಾಗಿನ ಬಿಡೋರು ಯಾರು ಅಂತ ಚರ್ಚೆ ಶುರುವಾಗತ್ತೆ ಆಮೇಲೆ.

ನಿರ್ವಾಹಕ
ಬೇಡ.

ವೀಳ್ಯದೆಲೆ
ಒಂದೇ ಪದ, ಪ್ರಿಪೊಸಿಷನ್ ಬದಲಾದ್ರೆ ಅರ್ಥಾನೇ ಬದಲು. ಇಂಥವನ್ನ ಹಾಳೇಲಿ ಜೋಡಿ ಜೋಡಿಯಾಗಿ ಕೊಡಿ, ಬೇಗ ಹತ್ತತ್ತೆ. 'ಇಂಟರೆಸ್ಟ್ ಇನ್' ಆಸಕ್ತಿ, 'ಇಂಟರೆಸ್ಟ್ ಆನ್' ಬಡ್ಡಿ. ಸಂಗೀತದಲ್ಲಿ ಇನ್, ಬೆಳೆ ಸಾಲದ ಮೇಲೆ ಆನ್, ಬಡ್ಡಿ ದರಕ್ಕೆ ಆಟ್. 'ಚಾರ್ಜ್ ಫಾರ್ ಪಾರ್ಕಿಂಗ್' ಶುಲ್ಕ, 'ಎ ಚಾರ್ಜ್ ಆಫ್ ಥೆಫ್ಟ್' ಆರೋಪ. 'ಎ ಚೇಂಜ್ ಇನ್ ದ ವೆದರ್' ಇದ್ದದ್ದೇ ಬೇರೆ ಥರ ಆಗಿದ್ದು, 'ಎ ಚೇಂಜ್ ಆಫ್ ಅಡ್ರೆಸ್' ಒಂದು ಹೋಗಿ ಇನ್ನೊಂದು ಬಂದಿದ್ದು. 'ಟೇಸ್ಟ್ ಆಫ್ ಬೆಲ್ಲ' ರುಚಿ, 'ಎ ಟೇಸ್ಟ್ ಫಾರ್ ಬೆಲ್ಲ' ಚಪಲ, 'ಟೇಸ್ಟ್ ಇನ್ ಮ್ಯೂಸಿಕ್' ಅಭಿರುಚಿ.

ರೈತರ ಅರ್ಜಿ ಬರೆಯೋರಿಗೆ ಲಾಸ್ ಮುಖ್ಯ. ಹೋಗಿದ್ದಕ್ಕೆ ಆಫ್: ಲಾಸ್ ಆಫ್ ಕ್ರಾಪ್. ಮೊತ್ತಕ್ಕೂ ಆಫ್: ಎ ಲಾಸ್ ಆಫ್ 50,000 ರುಪೀಸ್. ಯಾರಿಗೆ ಅನ್ನೋದಕ್ಕೆ ಟು: ಎ ಲಾಸ್ ಟು ದ ಫಾರ್ಮರ್. ಇನ್ನು ಡ್ಯಾಮೇಜ್‌ಗೆ ಎಸ್ ಸೇರಿಸಿದ್ರೆ ಅದು ಹಾನಿ ಅಲ್ಲ, ಪರಿಹಾರದ ಹಣ. 'ಡ್ಯಾಮೇಜಸ್ ಟು ದ ಕ್ರಾಪ್' ಅಂತ ಬರೆದ ಅರ್ಜಿ ವಿಚಿತ್ರವಾಗಿ ಓದಿಸ್ಕೊಳ್ಳತ್ತೆ. ಹಾನಿಗೆ ಎಸ್ ಇಲ್ಲ. ಹಾಂ, ಚೆಕ್‌ಗೆ ಮೊತ್ತ ಹೇಳುವಾಗ ಫಾರ್: ಎ ಚೆಕ್ ಫಾರ್ 5,000 ರುಪೀಸ್. ರಸೀದಿ, ಬಿಲ್ಲಿಗೂ ಫಾರ್.

ಕುಕ್ಕರಹಳ್ಳಿ ಕೆರೆ ಏರಿ
ಟು ಬಂದ ಕಡೆ ಇನ್ನೊಂದು ಗುಂಡಿ ಇದೆ. ಟು ಎರಡು ಥರ. ಒಂದು ನಿಜವಾದ ಪ್ರಿಪೊಸಿಷನ್, ಇನ್ನೊಂದು ಕ್ರಿಯಾಪದದ ಮೂಲರೂಪಕ್ಕೆ ಮೊದಲು ಬರೋದು. 'ಡಿಸಿಷನ್ ಟು ಪೇ' ಸರಿ, 'ಅಬ್ಜೆಕ್ಷನ್ ಟು ಪೇ' ತಪ್ಪು, 'ಅಬ್ಜೆಕ್ಷನ್ ಟು ಪೇಯಿಂಗ್' ಆಗ್ಬೇಕು. ಪರೀಕ್ಷೆ ಮಾಡೋದು ಹೇಗೆ ಅಂದ್ರೆ, ಟು ಆದ್ಮೇಲೆ 'ಇಟ್' ಹಾಕಿ ನೋಡಿ. 'ಅಬ್ಜೆಕ್ಷನ್ ಟು ಇಟ್' ಕೂರತ್ತೆ, ಹಾಗಾಗಿ ಇಂಗ್ ಬೇಕು. 'ಡಿಸಿಷನ್ ಟು ಇಟ್' ಕೂರಲ್ಲ, ಹಾಗಾಗಿ ಮೂಲರೂಪ. ಆಲ್ಟರ್ನೇಟಿವ್ ಟು, ಅಪ್ರೋಚ್ ಟು ಇವೆರಡೂ ಇಂಗ್ ಕಡೆ. ಪರ್ಮಿಷನ್, ಎಬಿಲಿಟಿ, ರೆಫ್ಯೂಸಲ್ ಮೂಲರೂಪದ ಕಡೆ. ಇನ್ವಿಟೇಶನ್ ಎರಡೂ ಕಡೆ ಊಟ ಮಾಡತ್ತೆ: ಇನ್ವಿಟೇಶನ್ ಟು ದ ವೆಡ್ಡಿಂಗ್, ಇನ್ವಿಟೇಶನ್ ಟು ಅಟೆಂಡ್.

'ಪಾಸಿಬಿಲಿಟಿ ಟು ಗೋ' ಅಂತ ಬರೆಯೋರಿಗೆ: ಅದು 'ಪಾಸಿಬಿಲಿಟಿ ಆಫ್ ಗೋಯಿಂಗ್'.

ಬನ್ನೂರು ಕುರಿ
ಇಷ್ಟೆಲ್ಲ ಯಾಕೆ ಗುರು? ನಮ್ಮ ಇಂಗ್ಲಿಷ್ ನಮ್ಮದು. 'ಐ ಹ್ಯಾವ್ ಎ ಡೌಟ್ ಇನ್ ದಿಸ್ ಸಮ್' ಅಂದ್ರೆ ಮೈಸೂರಲ್ಲಿ ಯಾವ ಮೇಷ್ಟ್ರಿಗೆ ಅರ್ಥ ಆಗಲ್ಲ? 'ಕಮಾಂಡ್ ಓವರ್ ಇಂಗ್ಲಿಷ್' ಅಂತ ಇಡೀ ದೇಶ ಬರಿಯತ್ತೆ. ಇಷ್ಟು ಜನ ಆಡೋ ಮಾತು ತಪ್ಪು ಹೇಗಾಗತ್ತೆ?

ಸರಸ್ವತಿಪುರಂ ಸಂಜೆ
ಮಾತಿಗೆ ನಿಮ್ಮ ವಾದ ಒಪ್ತೀನಿ. ಆದ್ರೆ ಆ ಎರಡೂ ಒಂದೇ ಥರದವಲ್ಲ. 'ಕಮಾಂಡ್ ಓವರ್' ನಿಘಂಟಿನ 'ಕಮಾಂಡ್ ಆಫ್'ಗೆ ಪಕ್ಕದ ಮನೆ, ಯಾರೂ ಎಡವಲ್ಲ. 'ಡೌಟ್' ವಿಷಯ ಪ್ರಿಪೊಸಿಷನ್ ಅಲ್ಲ, ಪದದ್ದೇ. ನಮ್ಮಲ್ಲಿ ಡೌಟ್ ಅಂದ್ರೆ ಪ್ರಶ್ನೆ, ಅವರಲ್ಲಿ ಅಪನಂಬಿಕೆ. ಹೊರಗಿನವರಿಗೆ ಬರೆಯುವಾಗ 'ಐ ಹ್ಯಾವ್ ಎ ಡೌಟ್ ಅಬೌಟ್ ಯುವರ್ ಬಿಲ್' ಅಂದ್ರೆ ನಿಮ್ಮ ಬಿಲ್ ನಂಬಲ್ಲ ಅಂತ ಓದ್ಕೋತಾರೆ. ಪ್ರಿಪೊಸಿಷನ್ ಸರಿ ಮಾಡಿದಷ್ಟೂ ಜಗಳ ಗಟ್ಟಿ ಆಗತ್ತೆ. ಅಲ್ಲಿ 'ಎ ಕ್ವೆಶ್ಚನ್ ಅಬೌಟ್' ಬರೀಬೇಕು.

ಬನ್ನೂರು ಕುರಿ
ಬಿಲ್ ನಂಬದೇ ಇದ್ರೆ?

ಸರಸ್ವತಿಪುರಂ ಸಂಜೆ
ಆಗ ಹಾಗೇ ಇರ್ಲಿ 😀

ನಂಜನಗೂಡು ರಸಬಾಳೆ
ಆಫೀಸ್ ಪತ್ರದವರು ಗಮನಿಸಿ: 'ವಿತ್ ರಿಗಾರ್ಡ್ ಟು', ಎಸ್ ಇಲ್ಲ. ರಿಗಾರ್ಡ್ಸ್ ಅಂದ್ರೆ ಕೊನೇಲಿ ಹೇಳೋ ನಮಸ್ಕಾರ. 'ಇನ್ ಸ್ಪೈಟ್ ಆಫ್'ನಲ್ಲಿ ಸ್ಪೈಟ್ ನಾಮಪದ, ಅದಕ್ಕೆ ಆಫ್ ಇದೆ. 'ಡಿಸ್ಪೈಟ್' ತಾನೇ ಪ್ರಿಪೊಸಿಷನ್, ಅದಕ್ಕೆ ಇನ್ನೊಂದು ಆಫ್ ಬೇಡ. 'ಕಂಗ್ರ್ಯಾಚುಲೇಶನ್ಸ್ ಆನ್', ಫ್ಲೆಕ್ಸ್ ಹಾಕಿಸೋ ಮುಂಚೆ ನೋಡ್ಕೊಳ್ಳಿ.

ಕೆಂಪು ಶಾಯಿ
ಎರಡು ನಾಮಪದಕ್ಕೆ ಒಂದೇ ಪ್ರಿಪೊಸಿಷನ್ ಹಾಕೋ ಜಿಪುಣತನ ಬೇಡ. 'ದ ಡಿಮಾಂಡ್ ಅಂಡ್ ಸಪ್ಲೈ ಆಫ್ ಜಾಗರಿ' ಅಂದ್ರೆ ಡಿಮಾಂಡ್‌ಗೂ ಆಫ್ ಅಂಟತ್ತೆ. ಬಿಗಿಯಾಗಿ ಬರೆದ್ರೆ 'ದ ಡಿಮಾಂಡ್ ಫಾರ್ ಅಂಡ್ ಸಪ್ಲೈ ಆಫ್ ಜಾಗರಿ'. ಕಿವಿಗೆ ಒರಟು ಅನ್ಸಿದ್ರೆ 'ದ ಡಿಮಾಂಡ್ ಫಾರ್ ಜಾಗರಿ ಅಂಡ್ ಇಟ್ಸ್ ಸಪ್ಲೈ'.

ದೇವರಾಜ ಮಾರ್ಕೆಟ್ ಗಡಿಯಾರ
ಅನುಮಾನ ಬಂದ್ರೆ ತಿರುಗಿಸಿ ಹಾಕ್ಬಿಡಿ. 'ಜಾಗರಿ ಡಿಮಾಂಡ್', 'ಮಿಲ್ಕ್ ಪ್ರೈಸ್ ರೈಸ್', 'ಪ್ಲಾಸ್ಟಿಕ್ ಬ್ಯಾನ್', 'ಕ್ರಾಪ್ ಡ್ಯಾಮೇಜ್'. ಪ್ರಿಪೊಸಿಷನ್ನೇ ಇಲ್ಲ, ತಲೆನೋವೂ ಇಲ್ಲ.

ಕುಕ್ಕರಹಳ್ಳಿ ಕೆರೆ ಏರಿ
ತಲೆಬರಹಕ್ಕೆ ಆಗತ್ತೆ. 'ಎಲ್ಡರ್ಸ್ ರೆಸ್ಪೆಕ್ಟ್' ಅಂದ್ ನೋಡಿ, ಹಿರಿಯರೇ ಗೌರವ ಕೊಡ್ತಾರೆ ಅಂತ ಕೇಳಿಸತ್ತೆ.

ವಿಸಿ ನಾಲೆ ಏರಿ
ಇಲ್ಲಿ ಇಲ್ಲದ ಪದ ಬಂದಾಗ ನೋಡೋದು ಹೇಗೆ? ಗೂಗಲ್‌ನಲ್ಲಿ ಎರಡನ್ನೂ ಹಾಕಿ ಯಾವುದಕ್ಕೆ ಹೆಚ್ಚು ಫಲಿತಾಂಶ ಬರತ್ತೋ ಅದು ಅಂತ ತಗೊಳ್ಬಹುದಾ?

ಕೆಂಪು ಶಾಯಿ
ಬರೀ ಎಣಿಕೆ ನಂಬ್ಬೇಡಿ. 'ರೀಸನ್ ಆಫ್' ಹಾಕಿದ್ರೆ 'ಬೈ ರೀಸನ್ ಆಫ್' ಎಲ್ಲ ಬಂದು ಸೇರ್ಕೊಳ್ಳತ್ತೆ. ಮೊದಲು ಇಂಗ್ಲಿಷ್ ಕಲಿಯೋರಿಗೆ ಅಂತಲೇ ಮಾಡಿದ ನಿಘಂಟು ತೆಗೀರಿ. ಇಂಗ್ಲಿಷ್-ಕನ್ನಡ ನಿಘಂಟು ಅರ್ಥ ಕೊಡತ್ತೆ, ಪ್ರಿಪೊಸಿಷನ್ ಸಾಮಾನ್ಯವಾಗಿ ಕೊಡಲ್ಲ. ಕಲಿಯೋರ ನಿಘಂಟಲ್ಲಿ ನಾಮಪದದ ನಮೂದನ್ನೇ ನೋಡಿ. ಡಿಮಾಂಡ್ ಅಂತ ಹುಡುಕಿ ಕ್ರಿಯಾಪದದ ನಮೂದು ಓದಿ ಬಂದ್ರೆ ಕೆಟ್ರಿ. ಆಮೇಲೆ ನಿಮಗೆ ಬೇಕಾದ ಅರ್ಥದ ಸಂಖ್ಯೆ. ಪ್ರಿಪೊಸಿಷನ್ ಅಲ್ಲೇ ದಪ್ಪಕ್ಷರದಲ್ಲಿ ಇರತ್ತೆ. ಕೊನೆಗೆ ಉದಾಹರಣೆ ವಾಕ್ಯ ಓದಿ, ಪ್ರಿಪೊಸಿಷನ್ ಆದ್ಮೇಲೆ ಬಂದಿರೋದು ವಸ್ತುನೋ, ಮನುಷ್ಯನೋ, ಮೊತ್ತನೋ ಅಂತ ನೋಡಿ. ಲಾಸ್ ವಿಷಯದಲ್ಲಿ ನೋಡಿದ್ರಲ್ಲ.

ಇಷ್ಟಾದ್ಮೇಲೂ ಗೂಗಲ್ ಬೇಕೇ ಬೇಕು ಅಂದ್ರೆ ಹಿಂದೆ ಮುಂದೆ ಆರ್ಟಿಕಲ್ ಸೇರಿಸಿ ಜೋಡಿ ಉದ್ಧರಣ ಚಿಹ್ನೆ ಒಳಗೆ ಹಾಕಿ: 'ದ ರೀಸನ್ ಫಾರ್ ದ'. ಮೊದಲ ಪುಟದ ವಾಕ್ಯಗಳನ್ನ ಓದಿ.

ಬರ್ಕೊಳ್ಳುವಾಗ 'ಡ್ಯಾಮೇಜ್ = ಟು' ಅಂತ ಬರ್ಕೋಬೇಡಿ. 'ಡ್ಯಾಮೇಜ್ ಟು ದ ಕ್ರಾಪ್' ಅಂತ ಮೂರನ್ನೂ ಒಟ್ಟಿಗೆ ಬರ್ಕೊಳ್ಳಿ, ಪಕ್ಕದಲ್ಲಿ 'ಬೆಳೆಗೆ'.

ವಿಸಿ ನಾಲೆ ಏರಿ
ಹೊಸ ಹಾಳೆ ಸಿದ್ಧ. ಮೊದಲ ಭಾಗ ಕ್ರಿಯಾಪದದ ಪ್ರಿಪೊಸಿಷನ್ ಉಳಿಸ್ಕೊಳ್ಳೋವು, ಎರಡನೇದು ಆಫ್, ಮೂರನೇದು ಹಠಮಾರಿಗಳು, ಕೊನೇಲಿ ಕೆಆರ್‌ಎಸ್ ಲೆಕ್ಕ. ಹಿಂದಿನ ಪುಟದಲ್ಲಿ 'ಆನ್ಸರ್ಸ್ ಆಫ್ ದ ಎಕ್ಸರ್‌ಸೈಸಸ್' ಅಂತ ಉತ್ತರಗಳನ್ನೂ ಹಾಕಿದೀನಿ.

ಬೆಲ್ಲದಚ್ಚು
ಸಾ, ಹಿಂದಿನ ಪುಟದ ತಲೆ ಮ್ಯಾಲೇ ಆಫ್ ಕುಂತೈತೆ. ಆನ್ಸರ್ ಹಠಮಾರಿ ಅಲ್ವಾ?

ವಿಸಿ ನಾಲೆ ಏರಿ
ಅಯ್ಯೋ. 'ಆನ್ಸರ್ಸ್ ಟು'. ತಿದ್ದಿದೆ.

ಬೆಲ್ಲದಚ್ಚು
ನಾನ್ ಮನೀಕೊಂಡಿರ್ಲಿಲ್ಲ ಸಾ.